ವಿಭೂತಿ ಹಚ್ಚಿದ ಪಿಸ್ತೂಲು

ಚಿಕ್ಕೇರೂರು
ವಿಜಯದಶಮಿ, ೧೯೩೮

ತಮ್ಮ ಪರಮೇಶ್ವರಪ್ಪನಿಗೆ,

ಮೊದಲಿಗೇ ಹೇಳಿಬಿಡುತ್ತೇನೆ: ನಿನ್ನ ಮಗಳ ಎರಡೂ ಕಣ್ಣು ನೆಟ್ಟಗಿವೆ. ಇನ್ನು ಕುಳಿತುಕೊಂಡು ಓದು.

ಎರಡು ತಿಂಗಳ ಹಿಂದೆ ನೀನು ಸವಣೂರಿನಿಂದ ನಿನ್ನ ಆಳು ಖಾದರಸಾಬನ ಕೈಯಲ್ಲಿ ಎರಡು ಹವಾ ಪಿಸ್ತೂಲು ಕಳಿಸಿದ್ದೆ. ಅಡಿವೆವ್ವನಿಗೂ ನನ್ನ ಇಬ್ಬರು ಹುಡುಗರಿಗೂ ಗುರಿ ಕಲಿಯಲು ಒಗ್ಗುವುದನ್ನು ಇಟ್ಟುಕೊಂಡು ಇನ್ನೊಂದನ್ನು ತಿರುಗಿ ಕಳಿಸು, ಕಲಿಸಲು ಖಾದರಸಾಬ ಅಲ್ಲಿಯೇ ಇರಲಿ ಎಂದು ಬರೆದಿದ್ದೆ. ತಾಯಿಯಿಲ್ಲದ ಮಗಳು ಯಾತಕ್ಕೂ ಅಂಜಬಾರದು ಎಂದೂ ಬರೆದಿದ್ದೆ. ಅವಳನ್ನು ನನ್ನಂಥ ಅಂಜುಬುರುಕಿಯ ಮಡಿಲಿಗೆ ಹಾಕಿ ಹೀಗೆ ಬರೆದೆಯಲ್ಲ ಎಂದು ಆಗ ನಗು ಬಂದಿತ್ತು.

ಹುಡುಗರಿಗೆಲ್ಲ ಸಣ್ಣ ಪಿಸ್ತೂಲೇ ಬೇಕಾಗಿತ್ತು. ಹಗುರ, ನೋಡಲೂ ಚಂದ. ಆದರೆ ಅದರ ಸ್ಪ್ರಿಂಗನ್ನು ಒಂಬತ್ತು ವರ್ಷದ ಅಡಿವೆವ್ವ ತಾನೇ ಎಳೆದು, ಗುಂಡು ತುಂಬಿ ತೋರಿಸಿದಳು. ಅದಕ್ಕೇ ಬೇಡವೆಂದೆ. ದೊಡ್ಡದರ ನಳಿಗೆ ಬಗ್ಗಿಸಿ ಗುಂಡು ತುಂಬಲು ದೊಡ್ಡವರ ರಟ್ಟೆಯೇ ಬೇಕು. ಭಾರವಾದರೆ ಜೋಳದ ಚೀಲದ ಮೇಲೆ ಊರಿ ಹೊಡೆಯಲಿ, ತುಂಬುವ ಕೈ ಮಾತ್ರ ದೊಡ್ಡವರದಿರಲಿ ಎಂದೆ. "ಅಕ್ಕಾರು ಪಿಸ್ತೂಲು ಆರಿಸಲಿಲ್ರಿ, ಬೀಗ ಆರಿಸಿದ್ರು" ಎಂದು ಖಾದರಸಾಬ ನಕ್ಕ. ಅಂದಿನಿಂದ ಹಿತ್ತಲ ಮಣ್ಣಿನ ಗೋಡೆಗೆ ಸುಣ್ಣದ ಬೊಟ್ಟು ಇಟ್ಟು, ದಿನವೂ ಸಂಜೆ ಕಲಿಸುತ್ತಿದ್ದ. ಮುಗಿದ ಮೇಲೆ ಖಾಲಿ ಮಾಡಿ, ಒರೆಸಿ, ಪೆಟ್ಟಿಗೆಗೆ ಹಾಕುತ್ತಿದ್ದ. ತುಂಬಿದ ಪಿಸ್ತೂಲನ್ನು ಕೆಳಗಿಟ್ಟವನು ನಿನ್ನ ಮನೆಯ ಮನುಷ್ಯನಲ್ಲ ಎಂದು ನೀನು ಅವನಿಗೆ ಹೇಳಿ ಕಳಿಸಿದ್ದೆಯಂತೆ.

ನಿನ್ನೆ ಖಂಡೇಪೂಜೆ. ಕುಡುಗೋಲು, ಕೊಡಲಿ, ಮನೆಯವರ ಅರಳೆ ತೂಗುವ ತಕ್ಕಡಿ, ಎಲ್ಲವನ್ನೂ ತೊಳೆದು ಅತ್ತೆಯವರು ಮಣೆಯ ಮೇಲೆ ಸಾಲಾಗಿ ಇಟ್ಟರು. ಪಿಸ್ತೂಲೂ ಆಯುಧವೇ ಎಂದು ಅದನ್ನೂ ಇಟ್ಟು, ವಿಭೂತಿ ಎಳೆದು, ಚೆಂಡುಹೂವಿನ ಸರ ಏರಿಸಿದರು. ನಳಿಗೆ ಅಡ್ಡಬೀಳುವವರ ಕಡೆಗೇ ಇತ್ತು.

ಅಂಗಳದಲ್ಲಿದ್ದ ಖಾದರಸಾಬ ಪಡಸಾಲೆಯ ಮೆಟ್ಟಿಲವರೆಗೆ ಬಂದ. "ಅವ್ವಾರ, ಒಮ್ಮೆ ನಳಗಿ ಬಗ್ಗಿಸಿ ನೋಡಿ ಕೊಡ್ತೇನ್ರಿ. ಒಳಗ ಗುಂಡು ಇದ್ರ ಕಷ್ಟ ಐತ್ರಿ" ಎಂದ.

"ವಿಭೂತಿ ಹಚ್ಚಿದ ಮ್ಯಾಲ ಬನ್ನಿ ಮುಡಿಯೂತನಕ ಯಾರೂ ಮುಟ್ಟಂಗಿಲ್ಲೋ ಖಾದರ. ದಿನಾ ಖಾಲಿ ಮಾಡಿ ಇಡಾಂವ ನೀನ. ನಿನ್ನ ಮ್ಯಾಲ ನಿನಗ ನಂಬಿಗಿ ಇಲ್ಲೇನು?" ಎಂದರು ಅತ್ತೆ. ಎಲ್ಲರೂ ನಕ್ಕರು. ಅವನೂ ನಕ್ಕು ಹಿಂದೆ ಸರಿದ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ.

ಹುಡುಗರಿಬ್ಬರೂ ಅಡ್ಡಬಿದ್ದು ಎದ್ದರು. ಅಡಿವೆವ್ವ ಬಗ್ಗಿದಳು. ಅತ್ತೆಯವರು ಅವಳ ಮುಡಿಗೆಂದು ಸರದಿಂದ ಒಂದು ಹೂವು ಕಿತ್ತುಕೊಂಡರು. ಸರದ ದಾರ ಗುಂಡು ಹಾರಿಸುವ ಕುದುರೆಗೆ ಸಿಕ್ಕಿತ್ತು. ಫಟ್ ಎಂದಿತು ನೋಡು, ಅಷ್ಟೇ. ಅವಳ ಹಿಂದಿನ ತಾಮ್ರದ ಕೊಡ ಠಣ್ ಎಂದಿತು. ಅವಳು ತಲೆ ಎತ್ತಲಿಲ್ಲ. ಆ ಒಂದು ಗಳಿಗೆ ನಾನು ಸತ್ತು ಬದುಕಿದೆ, ತಮ್ಮಾ. ಎತ್ತಿಕೊಂಡಾಗ ಕಿವಿಯ ಮೇಲಿನ ಕೂದಲು ಮಾತ್ರ ಸ್ವಲ್ಪ ಹರಿದಿತ್ತು. "ಅತ್ತಿ, ಪಿಸ್ತೂಲಿಗೆ ನನ್ನ ಮ್ಯಾಲ ಸಿಟ್ಟು ಬಂತೇನು?" ಎಂದು ನನ್ನನ್ನು ಕೇಳಿದಳು. ಆಗಿನಿಂದ ನನ್ನ ಸೆರಗು ಬಿಟ್ಟಿಲ್ಲ.

ಅತ್ತೆಯವರು ಖಾದರಸಾಬನನ್ನು ನಿಲ್ಲಿಸಿ, "ಹುಡುಗೀ ಕಣ್ಣು ಹೋಗಿದ್ರ ನೀ ತಂದು ಕೊಡ್ತಿದ್ದೇನು?" ಎಂದರು. ಅವನು ಬಹಳ ಹೊತ್ತು ನೆಲ ನೋಡಿದ. "ತಪ್ಪು ನಂದ ಇರಬೇಕ್ರಿ ಅವ್ವಾರ" ಎಂದ. ಇವತ್ತೇ ಮನೆ ಬಿಡಬೇಕೆಂದು ಅತ್ತೆಯವರ ಅಪ್ಪಣೆಯಾಗಿದೆ. ಪಿಸ್ತೂಲನ್ನೂ ಈ ಕಾಗದವನ್ನೂ ಅವನೇ ತರುತ್ತಾನೆ. ತುಂಬಿದ್ದನ್ನು ಮರೆತ ಅವನನ್ನು ಏನು ಮಾಡಬೇಕೆಂಬುದು ನಿನಗೆ ಬಿಟ್ಟದ್ದು. ಹುಡುಗರಿಗೆ ಇನ್ನು ಗುರಿ ಬೇಡ.

ಎದೆಯ ನಡುಕ ಇನ್ನೂ ನಿಲ್ಲದ
ನಿನ್ನ ಅಕ್ಕ ಹೊನ್ನವ್ವ

ತಾ.ಕ.: ಮೇಲಿನದನ್ನೆಲ್ಲ ಮನೆಯವರು ಅತ್ತೆಯವರಿಗೆ ಓದಿ ಹೇಳಿ, ಸರಿಯಾಗಿದೆ ಎಂದರು. ಈಗ ಎಲ್ಲರೂ ಬನ್ನಿ ತರಲು ಹೋಗಿದ್ದಾರೆ. ಲಕೋಟೆಗೆ ಇನ್ನೂ ಅಂಟು ಹಚ್ಚಿಲ್ಲ. ಖಾದರಸಾಬ ಅಂಗಳದಲ್ಲಿ ಗಂಟು ಕಟ್ಟುತ್ತಿದ್ದಾನೆ. ಅವನಿಗೆ ಓದಲು ಬರುವುದಿಲ್ಲ.

ತುಂಬಿಟ್ಟವಳು ನಾನು. ಒಂದು ತಿಂಗಳಿಂದ ಮಧ್ಯಾಹ್ನ ಎಲ್ಲರೂ ಮಲಗಿದಾಗ ಹಿತ್ತಲಿಗೆ ಹೋಗಿ ಹೊಡೆಯುತ್ತಿದ್ದೆ. ಬಾವಿ ಸೇದಿದ ರಟ್ಟೆ, ನಳಿಗೆ ಬಗ್ಗುತ್ತಿತ್ತು. ಬೊಟ್ಟಿನ ಮೇಲೆ ಕಣ್ಣು ನೆಟ್ಟಾಗ ಮಾತ್ರ ನನಗೆ ಯಾರ ಹೆದರಿಕೆಯೂ ಇರುತ್ತಿರಲಿಲ್ಲ. ಮೊನ್ನೆ ಅತ್ತೆಯವರು ಕೂಗಿದರು, ತುಂಬಿದ್ದನ್ನು ಹಾಗೆಯೇ ಪೆಟ್ಟಿಗೆಗೆ ಹಾಕಿ ಓಡಿದೆ. ಆ ಸಂಜೆ ಹಬ್ಬದ ಕೆಲಸವೆಂದು ಹುಡುಗರು ಹೊಡೆಯಲಿಲ್ಲ, ಖಾದರಸಾಬ ಪೆಟ್ಟಿಗೆ ತೆರೆಯಲಿಲ್ಲ. ನಿನ್ನೆ ಅವನು ಮೆಟ್ಟಿಲ ಬಳಿ ಬಂದು ಕೇಳಿದಾಗಲೇ ನನಗೆ ನೆನಪಾಯಿತು. ಹೌದು, ಹುಡುಗಿ ಬಗ್ಗುವ ಮೊದಲೇ. ಸೊಸೆ ಪಿಸ್ತೂಲು ಹೊಡೆಯುತ್ತಾಳೆಂದು ತಿಳಿದರೆ ಏನಾದೀತು ಎಂಬ ಹೆದರಿಕೆಗೆ ಬಾಯಿ ತೆರೆಯಲಿಲ್ಲ. ಅತ್ತೆಯವರು ನಿಲ್ಲಿಸಿ ಕೇಳಿದಾಗ ಅವನು ನೆಲ ನೋಡಲಿಲ್ಲ, ನಳಿಗೆ ಬಗ್ಗಿಸಿ ನನ್ನ ಅಂಗೈಯಲ್ಲಿ ಎದ್ದ ಬೊಕ್ಕೆ ನೋಡಿದ. ನೋಡಿಯೂ ತಪ್ಪು ತನ್ನದೆಂದ.

ಅವನನ್ನು ಮನೆಯಲ್ಲಿಟ್ಟುಕೋ. ಅಡಿವೆವ್ವನನ್ನು ಕರೆದುಕೊಂಡು ಹೋಗುವುದಾದರೆ ನಾನು ಅಡ್ಡ ಬರುವುದಿಲ್ಲ. ನೀನು ಬಂದು ಎಲ್ಲರೆದುರು ಕೇಳಿದರೆ ಹೆದರಿಕೆಗೆ ನಾನು ಹೀಗೆಲ್ಲ ಬರೆದೇ ಇಲ್ಲ ಎಂದುಬಿಟ್ಟೇನು. ಅದಕ್ಕೇ ಬರುವಾಗ ಈ ಕಾಗದವನ್ನು ಮರೆಯದೆ ತಾ.