ಎಸ್ತೇರವ್ವ ಕೇಳಿದ ಪಾತ್ರ

ಕ್ರಿಸ್ತಶಕ 2217, ಫೆಬ್ರವರಿ ಮೂವತ್ತೊಂದು
ನೆರಳೋಣಿ ಸಭೆ, ಬೆಟಗೇರಿ

ನಿಮಗಿನ್ನೂ ಹುಟ್ಟದ ನಾನು, ನನಗೆಂದೋ ಮಣ್ಣಾದ ನಿಮಗೆ ತಲೆಬಾಗಿ ಬರೆಯುತ್ತಿದ್ದೇನೆ.

ತಾರೀಖು ನೋಡಿ ನಗಬೇಡಿ. ಮೇ ತಿಂಗಳ ಬಿಸಿಲು ತಾಳಲಾರದೆ ನಮ್ಮ ತಾತಂದಿರು ಅದರಿಂದ ಮೂರು ದಿನ ಕಿತ್ತು ಫೆಬ್ರವರಿಗೆ ಹೊಲಿದರು. ತಿಂಗಳು ಗಿಡ್ಡವಾಯಿತು, ಬಿಸಿಲು ಆಗಲಿಲ್ಲ! ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತೆ. ಕಲಿತದ್ದನ್ನೆಲ್ಲ ಗಂಟಲೆತ್ತಿಯೇ ಹೇಳಿ ರೂಢಿ. ಹೆಸರು ಗಿದ್ಯೋನ, ಕಸುಬು ನಾಟಕದ ಮಾಸ್ತರ. ನನ್ನ ತೊಟ್ಟಿಲನ್ನು ಸೈಡ್‌ವಿಂಗಿನ ಗಳಕ್ಕೇ ಕಟ್ಟಿದ್ದರಂತೆ. ಯೇಸುವಿಗೆ ಶಿಲುಬೆಯ ಶಿಕ್ಷೆ ವಿಧಿಸುವ ಪಿಲಾತನ ಗರ್ಜನೆ ಕೇಳುತ್ತ ನಿದ್ದೆಹೋದ ಕೂಸು ಮೆಲ್ಲಗೆ ಮಾತಾಡುವುದು ಹೇಗೆ ಕಲಿಯಬೇಕು, ಹೇಳಿ!

ಮೊದಲು ರಂಗಸಜ್ಜಿಕೆ. ನಮ್ಮ ಓಣಿಗಳ ಮೇಲೆಲ್ಲ ದಪ್ಪ ನೇಯ್ಗೆಯ ಬಟ್ಟೆ ಬಿಗಿದಿದೆ. ಅದಕ್ಕೇ ನೆರಳೋಣಿ ಎಂಬ ಹೆಸರು. ನಮ್ಮ ನೇಕಾರರು ಸೀರೆಗಿಂತ ಹೆಚ್ಚು ನೆರಳನ್ನೇ ನೇಯುತ್ತಾರೆ. ಹೊತ್ತು ಏರುತ್ತಲೇ ಊರಿಗೆ ಊರೇ ಮೆಟ್ಟಿಲಿಳಿದು ನೆಲದಡಿಯ ತಂಪುಮನೆ ಸೇರುತ್ತದೆ. ಅಲ್ಲೇ ಊಟ, ಅಲ್ಲೇ ಜಗಳ, ಅಲ್ಲೇ ಪ್ರಾರ್ಥನೆ. ಬಿಸಿಲು ತಣಿದ ಮೇಲೆ ಮತ್ತೆ ಮೇಲಕ್ಕೆ. ನಡೆಯಲಾರದವರನ್ನು ಯಾರಾದರೂ ಹೊತ್ತು ಇಳಿಸಬೇಕು. ಮರ ನಮ್ಮಲ್ಲಿ ಬೆಳ್ಳಿಗಿಂತ ಅಪರೂಪ. ಇವೆರಡನ್ನು ನೆನಪಿಡಿ: ಮೆಟ್ಟಿಲು ಮತ್ತು ಮರ.

ಈಗ ನಮ್ಮ ಪದ್ಧತಿ. ಶುಭ ಶುಕ್ರವಾರ ಯೇಸುವಿನ ಶಿಲುಬೆಯ ಸಾವನ್ನು ಆಡಿ ತೋರಿಸುವ ಶ್ರಮಾನಾಟಕಕ್ಕೆ ನಿಮ್ಮಲ್ಲಿ ಮಾಸ್ತರನೇ ಪಾತ್ರ ಹಂಚುತ್ತಿದ್ದನಂತೆ: ಗಡ್ಡವಿದ್ದವನಿಗೆ ಶಿಷ್ಯ ಪೇತ್ರ, ಹೊಟ್ಟೆಯಿದ್ದವನಿಗೆ ಪಿಲಾತ. ನಮ್ಮಲ್ಲಿ ಹಾಗಿಲ್ಲ. ‘ಪಾತ್ರ ಕೇಳುವ ಭಾನುವಾರ’ ಎಂದು ಒಂದು ದಿನವಿದೆ. ಅಂದು ಒಬ್ಬೊಬ್ಬರೂ ಎದ್ದು, ಕಳೆದ ವರ್ಷ ದೇವರೆದುರು ತಾನು ಹೇಗೆ ಬದುಕಿದೆನೋ ಅದಕ್ಕೆ ಹೊಂದುವ ಪಾತ್ರವನ್ನು ತಾನೇ ಕೇಳಬೇಕು. ಯೇಸುವಿನ ಪಾತ್ರವನ್ನು ಯಾರೂ ಕೇಳುವಂತಿಲ್ಲ. ಆ ಜಾಗದಲ್ಲಿ ದೀಪವೊಂದೇ ಇರುತ್ತದೆ. ಕೇಳಿದರಷ್ಟೇ ಸಾಲದು. ಒಂದೇ ಸೂರಿನಡಿ ಉಣ್ಣುವವರೊಬ್ಬರು ಎದ್ದು ‘ಹೌದು’ ಅನ್ನಬೇಕು. ಅದಕ್ಕೆ ‘ಮನೆಯ ಹೌದು’ ಅನ್ನುತ್ತೇವೆ. ಅದು ಬಾರದಿದ್ದರೆ ಆ ವರ್ಷ ರಂಗವಿಲ್ಲ, ಪರದೆ ಎಳೆಯುವ ಕೆಲಸ.

ಇಷ್ಟು ಚೆಂದದ ಪದ್ಧತಿಯನ್ನೂ ಕೆಡಿಸುವುದು ಹೇಗೆಂದು ನಮಗೆ ಗೊತ್ತು! ಹೋದ ವರ್ಷ ಅರ್ಧ ಸಭೆ, ಗುರುವನ್ನೇ ಹಿಡಿದುಕೊಟ್ಟ ಯೂದನ ಪಾತ್ರವನ್ನೇ ಕೇಳಿತು. ಯೂದನನ್ನು ಕೇಳುವವನು ಬಲು ದೀನ ಎಂಬ ಹೆಸರು ಬರುತ್ತದಲ್ಲ! ರೊಟ್ಟಿ ಅಂಗಡಿಯ ಯೋಬಪ್ಪ ಎದೆ ಬಡಿದುಕೊಂಡು, ತಾನೇ ದ್ರೋಹಿಯೆಂದು ಅತ್ತ. ಹಿಂದಿನ ಸಾಲಿನಿಂದ ಅವನ ಹೆಂಡತಿ ಎದ್ದಳು.

“ಯೂದ ಹೆಂಗ ಆಗತಾರ್ರಿ ಇವರು? ದ್ರೋಹ ಮಾಡಾಕೂ ಎಚ್ಚರ ಇರಬೇಕಾಗತೈತಿ. ಯೇಸು ಪ್ರಾರ್ಥನಿ ಮಾಡೂ ಮುಂದ ಗೆತ್ಸೇಮನೆ ತೋಟದಾಗ ನಿದ್ದಿ ಹೊಡದ್ರಲ್ಲ, ಆ ಶಿಷ್ಯರ ಪೈಕಿ ಕೊಡ್ರಿ. ಗೊರಕಿ ಕಲಸೂದ ಬ್ಯಾಡ.”

ಸಭೆ ನಕ್ಕು ಸುಸ್ತಾಯಿತು. ಆಗ ಎದ್ದವಳು ಎಸ್ತೇರವ್ವ.

ಈಕೆಯ ಪರಿಚಯ ಮಾಡಿಕೊಡುತ್ತೇನೆ. ನೇಕಾರಳು, ಎಪ್ಪತ್ತು ದಾಟಿದವಳು, ಕಬ್ಬಿಣದ ತೋಳು. ಮನೆಯಲ್ಲಿರುವುದು ಇನ್ನೊಬ್ಬಳೇ: ತೀರಿಹೋದ ತಮ್ಮನ ಹೆಂಡತಿ ದಿನಮಣಿ. ತಮ್ಮ ಸತ್ತ ದಿನ ಶವಪೆಟ್ಟಿಗೆಗೆ ಹಲಗೆ ಸಿಗದೆ ದಿನಮಣಿ ಮನೆಯ ಮಗ್ಗವನ್ನೇ ಬಿಚ್ಚಿಸಿಬಿಟ್ಟಳು. ಅದು ಎಸ್ತೇರವ್ವನ ತಾಯಿ ಕೂತು ನೇಯ್ದ ಮಗ್ಗ. ಊರಾಚೆ ಹೋಗಿದ್ದ ಎಸ್ತೇರವ್ವ ಬಂದು ನೋಡಿದಾಗ ತಮ್ಮನೂ ಇಲ್ಲ, ಮಗ್ಗವೂ ಇಲ್ಲ. ಎರಡೂ ಒಟ್ಟಿಗೇ ಮಣ್ಣು ಸೇರಿದ್ದವು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಆಮೇಲೆ ದಿನಮಣಿಯ ಕಾಲುಗಳ ಸ್ವಾಧೀನ ಹೋಯಿತು. ಹೊತ್ತು ಇಳಿಸುವವರು ಬೇರೆ ಯಾರಿದ್ದರು?

“ನನಗ ಕುರೇನ್ಯದ ಸೀಮೋನನ ಪಾತ್ರ ಬೇಕ್ರಿ” ಎಂದಳು ಎಸ್ತೇರವ್ವ. “ಯೇಸುವಿನ ಶಿಲುಬಿ ಹೊರತೀನಿ ಅಂತ ಅವ ಮನಿ ಬಿಟ್ಟಿರಲಿಲ್ಲ. ಹಿಡದು ಹೊರಿಸಿದ್ರು, ಹೊತ್ತ. ಈಕಿನ್ನ ಹೊರು ಅಂತ ನನಗೂ ಹಿರೇರು ಹೇಳಿದ್ರು. ಹಲ್ಲು ಕಚಗೊಂಡು ಹೊತ್ತೆ. ಈ ವರ್ಷ ನೋಡಕೊಂಡೆ, ಹಲ್ಲು ಕಚ್ಚಿಲ್ಲ. ನಾ ಬೆಳದೀನ್ರಿ. ಭಾಳಲ್ಲ, ಒಂದೀಟು. ಇಲ್ಲ ಅಂದ್ರ ಸುಳ್ಳಾಗತೈತಿ.”

ಸಭೆಯಲ್ಲಿ ಗುಸುಗುಸು ಎದ್ದಿತು. ಜನ ತಾವು ಕೆಟ್ಟವರೆಂದು ಕೂಗುವುದನ್ನು ಕೇಳಿ ಕೇಳಿ ರೂಢಿಯಾದ ಕಿವಿಗಳು ನಮ್ಮವು. ‘ಬೆಳೆದಿದ್ದೇನೆ’ ಎಂಬ ಮಾತು ಕೇಳಿದ್ದೇ ಇಲ್ಲ. “ಮುದುಕಿಗೆ ಸೊಕ್ಕು ನೋಡ್ರಿ” ಎಂದ ಯೋಬಪ್ಪ. ದೇವರು ಕೊಟ್ಟದ್ದನ್ನು ಕೊಟ್ಟಿದ್ದಾನೆ ಎನ್ನಲು, ಒಂದು ಗುಲಗಂಜಿ ಕೂಡಿಸದೆ, ಒಂದು ಗುಲಗಂಜಿ ಕಳೆಯದೆ ಹೇಳಲು, ಎಂಥ ಎದೆ ಬೇಕು! ರಂಗದ ಮೇಲೆ ಎಷ್ಟೋ ರಾಜರನ್ನು ನಿಲ್ಲಿಸಿದ್ದೇನೆ, ಹಾಗೆ ನಿಂತವರನ್ನು ಕಂಡಿಲ್ಲ.

ಆದರೆ ಮನೆಯ ಹೌದು? ಅದನ್ನು ಹೇಳಬೇಕಾದವಳು ದಿನಮಣಿ. ಮೂಲೆಯ ಕುರ್ಚಿಯಲ್ಲಿ ಆಕೆ ತುಟಿ ಬಿಗಿದು ಕೂತಿದ್ದಳು. ಎಸ್ತೇರವ್ವ ನಿಂತೇ ಇದ್ದಳು. ಹಿರಿಯರು ಪರದೆಯ ಹಗ್ಗದ ಕಡೆ ನೋಡತೊಡಗಿದರು.

“ಮೊದಲ ಈಕಿ ನನ್ನ ಹೊರೂ ಮುಂದ ತುಟಿ ಪಿಟಕ್ ಅಂತಿರಲಿಲ್ರಿ” ಎಂದಳು ದಿನಮಣಿ ಕೊನೆಗೆ. “ಜ್ವಾಳದ ಚೀಲ ಹೊತ್ತಂಗ ಹೊರಾಕಿ. ನೀವೆಲ್ಲಾ ‘ಎಂಥಾ ತಾಳ್ಮಿ’ ಅಂದ್ರಿ. ತಾಳ್ಮಿ ಅಲ್ರಿ ಅದು, ಸಿಟ್ಟು. ಈಗ? ಮೆಟ್ಟಲಾ ಇಳಿಯೂತನಕ ಬೈತಾಳ! ‘ಗುಳಗಿ ನುಂಗಿಲ್ಲ, ನೀರ ಕುಡದಿಲ್ಲ, ಕಲ್ಲಿನಂಗ ಭಾರ ಆಗೀದಿ’ ಅಂತಾಳ. ಹಂಗ ಬೈಯೂದು ತನ್ನವರಿಗೇ ಅಲ್ಲೇನ್ರಿ?” ಸೆರಗು ತಿರುವಿದಳು. “ಹೌದು. ನಾ ಹೌದಂತೀನಿ. ಆದ್ರ ಇಳಸೂ ಮುಂದ ಇನ್ನೂ ಕುಕ್ಕತಾಳ. ಅದನ್ನೂ ಕೇಳಿಸಿಕೊಳ್ರಿ.”

“ಕುಕ್ಕತೀನಿ” ಎಂದಳು ಎಸ್ತೇರವ್ವ. “ಅದನ್ನ ಬಿಡಾಕ ಇನ್ನೂ ಆಗಿಲ್ಲ.”

ಶುಕ್ರವಾರ ಬಂತು. ಶಿಲುಬೆಯನ್ನು ಸಭೆಯೇ ಕೈಯಿಂದ ಕೈಗೆ ಹಾಯಿಸಿ ಸೀಮೋನನ ಹೆಗಲಿಗೇರಿಸುವುದು ನಮ್ಮ ಕ್ರಮ. ಎಸ್ತೇರವ್ವ ಹೊತ್ತಳು, ದೀಪದ ಹಿಂದೆ ನಡೆದಳು, ಶಿಲುಬೆ ನೆಡುವ ಗುಡ್ಡ ಗೊಲ್ಗೊಥಾ ಮುಟ್ಟಿದಳು. ಭಾರ ಇಳಿಸಲು ಬಾಗಿದಳು. ಮುಂದಿನ ಸಾಲಿನಿಂದ ದಿನಮಣಿಯ ದನಿ:

“ಕುಕ್ಕಬ್ಯಾಡವಾ!”

“ಸುಮ್ನ ಕುಂದ್ರ!” ಎಂದ ಸೀಮೋನ, ನಾನು ಬರೆಯದ ಮಾತು ಅದು! ಬಳಿಕ ಆ ಮುದುಕಿ ಒಂದು ಮೊಣಕಾಲೂರಿ, ಒಂದು ಕೈ ಅಡಿಗೆ ಕೊಟ್ಟು, ಭಾರವನ್ನು ತನ್ನ ಮೈಗೆ ಆನಿಸಿಕೊಂಡು, ನಡೆಯಲಾರದವರನ್ನು ಕೂರಿಸುವ ಹಾಗೆ ಶಿಲುಬೆಯನ್ನು ನೆಲಕ್ಕಿಳಿಸಿದಳು. ಸದ್ದಾಗಲಿಲ್ಲ.

ನಾಳೆ ಮತ್ತೆ ಆ ಭಾನುವಾರ. ಈ ಸಲ ದಿನಮಣಿ ಪಾತ್ರ ಕೇಳುತ್ತಾಳಂತೆ. ಹೌದು ಅನ್ನಬೇಕಾದವಳು ಎಸ್ತೇರವ್ವ. ಇವಳು ಏನು ಕೇಳುತ್ತಾಳೋ, ಅವಳು ಏನು ಅನ್ನುತ್ತಾಳೋ, ನಿಮ್ಮಷ್ಟೇ ನನಗೂ ಗೊತ್ತಿಲ್ಲ.

ಹಿಂದಿನ ಕಾಲದ ಹಿರಿಯರೇ, ನಿಮ್ಮಲ್ಲಿ ಬೇಡುವುದು ಒಂದೇ. ನೀವು ಬೆಳೆದಿರೋ ಇಲ್ಲವೋ ಎಂದು ದೇವರನ್ನು ಕೇಳುತ್ತೀರಿ, ಒಳ್ಳೆಯದು. ನಿಮ್ಮ ಸೂರಿನಡಿ ಉಣ್ಣುವವರನ್ನೂ ಒಮ್ಮೆ ಕೇಳಿ. ಕೇಳಿದ ಮೇಲೆ ಅಳಬೇಡಿ, ಎದೆ ಬಡಿದುಕೊಳ್ಳಬೇಡಿ. ಉತ್ತರ ಬರಲು ಹೊತ್ತಾಗುತ್ತದೆ. ಎಸ್ತೇರವ್ವ ನಿಂತ ಹಾಗೆ ನಿಂತಿರಿ.