ಕೆಂಚಿ ಯಾಕೆ ಹೆದರುತ್ತಾಳೆ

ಜೂನ್ 1, ಭಾನುವಾರ. ಮಧುಗಿರಿ

ಎಂದಿನಂತೆ ಲೋಹಿತಾಳ ಮನೆಯಲ್ಲಿ ಆಟ. ನಾಗಭೂಷಣ್ ಕಥೆ ನಡೆಸುತ್ತಾನೆ, ನಾವಿಬ್ಬರು ಒಂದೊಂದು ಪಾತ್ರ. ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು, ಆಗುತ್ತದೋ ಇಲ್ಲವೋ ಡೈಸ್ ಹೇಳುತ್ತದೆ. ನನ್ನ ಪಾತ್ರ ಕೆಂಚಿ — ಪಾಳೇಗಾರರ ಕಾಲದಲ್ಲಿ ದಾರಿ ತೋರಿಸುವವಳು. ಬಹಳ ಹುಷಾರು. ಇವತ್ತು ಗುಹೆಯ ಬಾಯಲ್ಲಿ ಮುಕ್ಕಾಲು ಗಂಟೆ ಎಲ್ಲರನ್ನೂ ನಿಲ್ಲಿಸಿದೆ. ಕಲ್ಲು ಎಸೆದೆ, ಹೊಗೆ ಹಾಕಿದೆ, ಕೊನೆಗೆ ಒಳಗೆ ಬರುವುದಿಲ್ಲ ಅಂದೆ.

ಲೋಹಿತಾ ಡೈಸ್ ಕೆಳಗಿಟ್ಟಳು. "ಕೆಂಚಿ ಹೆದರ್ತಿಲ್ಲ ಕಣೇ ಅನು, ನೀನು ಹೆದರ್ತಿದೀಯ. ಇನ್ನೊಂದ್ಸಲ ಹಿಂಗಾದ್ರೆ ನನ್ ಕೈಲಿ ಆಡೋಕಾಗಲ್ಲ."

ಮೂರು ವರ್ಷವಾಯಿತು ಈ ಊರಿಗೆ ಬಂದು. ಗೆಳೆತನ ಅಂತ ಇರುವುದು ಇವರಿಬ್ಬರದೇ…

ಜೂನ್ 2

ಲ್ಯಾಬ್‌ನಲ್ಲಿ ಸ್ಯಾಂಪಲ್‌ಗೆ ಲೇಬಲ್ ಅಂಟಿಸುತ್ತಾ ಅದೇ ಯೋಚನೆ. ನಾಗಭೂಷಣ್ ಮೆಸೇಜ್ — ಹೆದರಲಿ, ತಪ್ಪೇನಿಲ್ಲ, ಆದರೆ ಕೆಂಚಿಗೆ ಏನು ಬೇಕು, ಬರೆದುಕೊಂಡು ಬಾ. 'ಸಾಯಬಾರದು' ಎಂದು ಬರೆದೆ. ಹೊಡೆದುಹಾಕಿದೆ.

ಜೂನ್ 13, ಶುಕ್ರವಾರ. ನಿಡುಗಲ್

ಹೋದ ಭಾನುವಾರ ತಲೆನೋವೆಂದು ಆಟ ತಪ್ಪಿಸಿದ್ದೆ. ಇವತ್ತು ರಜೆ ಹಾಕಿ ಊರಿಗೆ ಬಂದೆ. ಅವ್ವನ ಜೊತೆ ಕುರಿ ಹಿಂದೆ ಗುಡ್ಡಕ್ಕೆ. ಪೊದೆ ಬಂದಾಗಲೆಲ್ಲ ನಿಲ್ಲುತ್ತಾಳೆ, ಗಾಳಿ ಮೂಸುತ್ತಾಳೆ, ಕೋಲು ಬಡಿಯುತ್ತಾಳೆ. ಕರಡಿ ಭಯ. ಹೋದ ವರ್ಷ ಅಂಥದೊಂದು ಪೊದೆಯಲ್ಲಿ ನಮ್ಮ ಕುರಿಮರಿ ಸಿಕ್ಕಿಕೊಂಡಿತ್ತಂತೆ. ನುಗ್ಗಿ ಎಳೆದು ತಂದಳಂತೆ. ಹೆದರಿಕೆ ಆಗಲಿಲ್ಲವಾ ಅಂದೆ.

"ಯಾಕಾಗಲ್ಲ? ಕಾಲು ನಡುಗ್ತಿದ್ವು. ಮರಿ ಒಳಗಿತ್ತಲ್ಲ ಕಣಮ್ಮ, ಇನ್ನೇನ್ ಮಾಡ್ಲಿ."

ಬಂಡೆ ಮೇಲೆ ಕೂತು ಆ ಮಾತನ್ನು ಬಸ್ ಟಿಕೆಟ್ ಹಿಂದೆ ಬರೆದುಕೊಂಡೆ.

ಜೂನ್ 15, ಭಾನುವಾರ. ಮಧುಗಿರಿ

ಮತ್ತೆ ಅದೇ ಗುಹೆ. ಆಟ ಶುರುವಾಗುವ ಮೊದಲೇ ಹೇಳಿದೆ — ಕೆಂಚಿ ಒಮ್ಮೆ ಅವಸರ ಮಾಡಿ ತಂಗಿಯನ್ನು ಕಳೆದುಕೊಂಡವಳು. ಜೊತೆಗೆ ಬಂದವರನ್ನು ಜೀವಂತ ಮನೆ ಸೇರಿಸಬೇಕು, ಅವಳಿಗೆ ಬೇಕಾದದ್ದು ಅದೊಂದೇ. ಲೋಹಿತಾಳ ಸಿಪಾಯಿ ಒಳಗೆ ಹೋದ. ನೆಲ ಕುಸಿಯಿತು. ಕೆಂಚಿ ಬಂಡೆಗೆ ಹಗ್ಗ ಬಿಗಿದಳು, ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಇಳಿದಳು. ಡೈಸ್‌ನಲ್ಲಿ ಬರೀ ಮೂರು. ಕಾಲು ಮುರಿಯಿತು. ಹಗ್ಗ ಬಿಡಲಿಲ್ಲ. ಸಿಪಾಯಿ ಮೇಲೆ ಬಂದ.

ಲೋಹಿತಾ ಡೈಸ್ ನನ್ನ ಕಡೆ ತಳ್ಳಿದಳು. "ಈಗ ನಂಬ್ದೆ ಕಣೇ," ಅಂದಳು. ನನಗೆ ಒಮ್ಮೆಲೇ ಹಸಿವಾಯಿತು. ನಾಲ್ಕು ಬೋಂಡ ತಿಂದೆ.

ಜೂನ್ 16

ಬೆಳಿಗ್ಗೆಯೇ ಲೋಹಿತಾಳ ಫೋನ್. ಮುಂದಿನ ಭಾನುವಾರದೊಳಗೆ ಕೆಂಚಿಯ ಕಾಲಿಗೆ ಯಾವ ಸೊಪ್ಪು ಕಟ್ಟುವುದೋ ನಿಮ್ಮವ್ವನನ್ನು ಕೇಳು ಅಂದಳು. ಮುಂದಿನ ಭಾನುವಾರ! ಎದೆ ಹಗುರ. ಅವ್ವನಿಗೆ ಫೋನ್ ಮಾಡಿದೆ. ಯಾರ ಕಾಲು ಅಂತ ಗಾಬರಿಬಿದ್ದಳು. ಕೆಂಚಿಯದು ಅಂದೆ. ಯಾರವಳು, ನಮ್ಮೋಳಾ ಅಂದಳು. ಹೂಂ ಅವ್ವ, ನಮ್ಮೋಳೇ, ಸ್ವಲ್ಪ ನಿನ್ನ ಹಾಗೇ ಅಂದೆ. ಅದಕ್ಕೆ ಅವಳು, "ನನ್ ಹಂಗಾದ್ರೆ ಸುಮ್ನೆ ಮಲಗಲ್ಲ, ಲಕ್ಕಿ ಸೊಪ್ಪು ಕಟ್ಟಿ ನೀನೇ ಪಕ್ಕ ಕೂತ್ಕೊ," ಅಂದಳು.