ಡಬ್ಬಿಯ ಹಿಂದಿನ ಸಣ್ಣಕ್ಷರ

ನ್ಯಾಮತಿ
೧೬-೯-೨೦೨೫, ಮಂಗಳವಾರ

ಪ್ರೀತಿಯ ತಮ್ಮ ಶಾಹಿದ್‌ಗೆ,

ಅಸ್ಸಲಾಮು ಅಲೈಕುಮ್. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಕೈ ಮೇಲೆ ಎದ್ದಿದ್ದ ಕೆಂಪು ಗಂದೆ ಇಳಿಯಿತಾ? ಗ್ಲೌಸ್ ಇಲ್ಲದೆ ಔಷಧಿ ಮುಟ್ಟಬೇಡ ಎಂದು ನೂರು ಸಲ ಹೇಳಿದ್ದೇನೆ, ನೀನು ಕೇಳಿದರೆ ತಾನೆ. ಅಬ್ಬಾ ಚೆನ್ನಾಗಿದ್ದಾರೆ. ನಮ್ಮ ಗೊಬ್ಬರ-ಔಷಧಿ ಅಂಗಡಿಗೆ ಬಂದು ಪೇಪರ್ ಓದಿ ಹೋಗುತ್ತಾರೆ, ವ್ಯಾಪಾರವೆಲ್ಲ ನನ್ನ ತಲೆಗೇ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ನಿಮ್ಮ ಗಾಲ್ಫ್ ಕ್ಲಬ್ಬಿನವರು ಕೊಟ್ಟರೆಂದು ನೀನು ಮೊಬೈಲಿಗೆ ಕಳಿಸಿದ ಆ ಪತ್ರದ ಫೋಟೋ ನೋಡಿದಾಗಿನಿಂದ ನನಗೆ ಮೈಯೆಲ್ಲ ಉರಿಯುತ್ತಿದೆ. “ನಾನು ಔಷಧಿಯನ್ನು ಅಳತೆಗಿಂತ ಕಡಿಮೆ ಬೆರೆಸಿದ್ದರಿಂದ ಗಾಲ್ಫ್ ಮೈದಾನದ ಹುಲ್ಲು ಹಾಳಾಯಿತು” ಎಂದು ಸೋಮವಾರದೊಳಗೆ ನೀನು ಸಹಿ ಹಾಕಬೇಕಂತೆ! ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ತಲೆ ಸವರುವವನು ನೀನು. ನಿನ್ನ ಅಳತೆ ತಪ್ಪಿತೆಂದರೆ ಈ ಊರಿನಲ್ಲಿ ಯಾರೂ ನಂಬುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ನೀನಾದರೂ ಏನು, “ಹೋಗ್ಲಿ ಬಿಡು ಆಪಾ, ಸಹಿ ಹಾಕಿ ಬೇರೆ ಕಡೆ ಕೆಲಸ ನೋಡ್ತೀನಿ” ಎಂದು ಮೆಸೇಜ್ ಹಾಕಿ ಕೂತಿದ್ದೀಯ. ಆ ಕಾಗದ ನಿನ್ನ ಹಿಂದೆಯೇ ಬರುತ್ತದೆ ಕಣೋ. ಹುಲ್ಲು ಹಾಳು ಮಾಡಿದವನೆಂದು ತಾನೇ ಬರೆದುಕೊಟ್ಟವನ ಕೈಗೆ ಇನ್ಯಾವ ಕ್ಲಬ್ಬಿನವರು ಸ್ಪ್ರೇಯರ್ ಕೊಡುತ್ತಾರೆ?

ಈಗ ಕೇಳು. ನೀನು ಕಳಿಸಿದ್ದ ಮೂರು ಔಷಧಿ ಡಬ್ಬಿಗಳ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಒಂದು ಹಸಿರು, ಒಂದು ನೀಲಿ, ಒಂದು ಕೆಂಪು. ಮೂರು ಹೆಸರು, ಮೂರು ಕಂಪನಿ. ಆದರೆ ಹಿಂಬದಿಯ ಸಣ್ಣಕ್ಷರದಲ್ಲಿ ಮೂರರಲ್ಲೂ ಬರೆದಿರುವ ಔಷಧಿಯ ಅಂಶ ಒಂದೇ: ಪ್ರೊಪಿಕೊನಜೋಲ್. ಎರಡು ವರ್ಷದಿಂದ ಆ ಹುಲ್ಲಿಗೆ ನಿನ್ನ ಕೈಲಿ ಇದೊಂದನ್ನೇ ಹೊಡೆಸಿದ್ದಾರೆ. ಮೊದಲ ಸಲ ರೋಗದ ಶಿಲೀಂಧ್ರ ಬಹುಪಾಲು ಸತ್ತಿತು, ಆ ಔಷಧಿಗೆ ಜಗ್ಗದ ನಾಲ್ಕು ಉಳಿದವು. ಮತ್ತೆ ಅದನ್ನೇ ಹೊಡೆದಾಗ ಆ ಉಳಿದವೇ ಬೆಳೆದವು. ಈಗ ಹುಲ್ಲಿನ ಮೇಲೆ ರೂಪಾಯಿಯಗಲದ ಒಣ ಚುಕ್ಕೆ ಹಾಕುತ್ತಿರುವುದೆಲ್ಲ ಅವುಗಳ ಸಂತಾನ. ನೀನು ಎಷ್ಟು ಸರಿಯಾಗಿ ಅಳೆದು ಹೊಡೆದರೂ ಅವು ಸಾಯುವುದಿಲ್ಲ. ಕೃಷಿ ಡಿಗ್ರಿಯನ್ನು ಗೋಡೆಗೆ ನೇತುಹಾಕಿಕೊಂಡಿರುವ ನಿಮ್ಮ ಮ್ಯಾನೇಜರ್ ಗುರುಬಸವರಾಜ್ ಅವರಿಗೆ ಡಬ್ಬಿ ತಿರುಗಿಸಿ ಓದಲು ಏನು ದಾಡಿ? ಬಣ್ಣ ನೋಡಿ ಕೊಳ್ಳಲು ಅದೇನು ಬಳೆಯೇ?

ನೀನು ಸಹಿ ಹಾಕಕೂಡದು. ನೀನು ಪಾಪದವನೆಂದು ಎಲ್ಲರೂ ಹೊಗಳುತ್ತಾರೆ, ಹೊಗಳಿ ಹೊಗಳಿಯೇ ತಲೆ ಸವರುತ್ತಾರೆ. ಅಬ್ಬಾ ನಿನಗೆ ದುವಾ ಹೇಳಿದ್ದಾರೆ. ಅಲ್ಲಾಹ್ ನಿನ್ನನ್ನು ಕಾಪಾಡಲಿ, ಜೊತೆಗೆ ಒಂದಿಷ್ಟು ಸಿಟ್ಟನ್ನೂ ಕೊಡಲಿ.

ನಿನ್ನ ಆಪಾ,
ಜೈನಾಬ್

ಲಕೋಟೆ ಅಂಟಿಸುವ ಮೊದಲು: ಈಗಷ್ಟೇ ಅಡಿಕೆ ತೋಟದ ಮರುಳಪ್ಪನವರು ಅಂಗಡಿಗೆ ಬಂದಿದ್ದರು. ಅಡಿಕೆಯ ಎಲೆಚುಕ್ಕೆ ರೋಗಕ್ಕೆ ನಾನೇ ಕೊಟ್ಟಿದ್ದ ಎರಡು ಡಬ್ಬಿ ಕೌಂಟರ್ ಮೇಲಿಟ್ಟು, “ಬದಲಾಯಿಸಿ ಹೊಡೆದ್ರೂ ಹಂಗೇ ಐತಲ್ಲಮ್ಮ” ಎಂದರು. ಇನ್ನೊಂದು ಹೆಸರಿನದು ಕೊಡೋಣವೆಂದು ನನ್ನ ಕೈ ಆಗಲೇ ಶೆಲ್ಫಿಗೆ ಹೋಗಿತ್ತು. ಅವರ ಎರಡನ್ನೂ ಶೆಲ್ಫಿನದನ್ನೂ ತಿರುಗಿಸಿ ಓದಿದೆ. ಮೂರರಲ್ಲೂ ಅದೇ ಪ್ರೊಪಿಕೊನಜೋಲ್. “ಒಂದರಲ್ಲಿ ವಾಸಿಯಾಗದಿದ್ದರೆ ಬೇರೆ ಡಬ್ಬಿ ಕೊಡು” ಎಂದು ಇದೇ ಕೌಂಟರಿನಲ್ಲಿ ನಿನಗೆ ಕಲಿಸಿದವಳು ನಾನು. ಅಲ್ಲಿ ಡಬ್ಬಿ ಬದಲಾಯಿಸೋಣ ಎಂದು ಮ್ಯಾನೇಜರಿಗೆ ಹೇಳಿದವನು ನೀನೇ, ಅಲ್ಲವೇ? ನನ್ನ ಹೆಸರು ಹೇಳಬೇಕಾಗುತ್ತದೆಂದೇ ನೀನು ಫೋನ್ ಎತ್ತುತ್ತಿಲ್ಲ. ಮರುಳಪ್ಪನವರಿಗೆ ಎಲ್ಲ ಹೇಳಿ ತಪ್ಪಾಯಿತೆಂದೆ. ಶನಿವಾರ ಅಲ್ಲಿಗೂ ಬಂದು ನಿಮ್ಮ ಮ್ಯಾನೇಜರಿಗೂ ಅದನ್ನೇ ಹೇಳುತ್ತೇನೆ. ಗೇಟಿನಲ್ಲಿ ನನ್ನ ಹೆಸರು ಬರೆಸಿಡು.